ಸ್ಕ್ರೀನಿಂಗ್ ಸಾಫ್ಟ್‌ವೇರ್‌ನಲ್ಲಿ ಕ್ವೆರಿ ಬರೆದು ಲೇಖನ ಬೇರ್ಪಡಿಸುವುದು: ಬೇಕಾದ ಪೇಪರ್ ಕಳೆದುಹೋಗದ ಹಾಗೆ, ಹಂತ ಹಂತವಾಗಿ

ಸಿಸ್ಟಮ್ಯಾಟಿಕ್ ರಿವ್ಯೂ (ಒಂದು ಪ್ರಶ್ನೆಯ ಮೇಲೆ ನಡೆದ ಅಧ್ಯಯನಗಳನ್ನು ಕ್ರಮಬದ್ಧವಾಗಿ ಹುಡುಕಿ ಒಟ್ಟುಗೂಡಿಸುವ ವಿಮರ್ಶೆ) ಮಾಡುವವರು ಎಡವುವ ಜಾಗ ಬಹುಮಟ್ಟಿಗೆ ಒಂದೇ. ಪಬ್‌ಮೆಡ್, ಎಂಬೇಸ್, ಕಾಕ್ರೇನ್ ಲೈಬ್ರರಿಯಂಥ ವೈದ್ಯಕೀಯ ಲೇಖನಗಳ ಡೇಟಾಬೇಸ್‌ಗಳಿಂದ ಇಳಿಸಿಕೊಂಡ ಸಾವಿರಾರು ರೆಕಾರ್ಡ್‌ಗಳನ್ನು (ಲೇಖನದ ಶೀರ್ಷಿಕೆ, ಸಾರಾಂಶ ಮುಂತಾದ ವಿವರ) ರಯ್ಯಾನ್, ಕೋವಿಡೆನ್ಸ್‌ನಂಥ, ಬೇಕಾದ ಲೇಖನ ಆರಿಸಲು ನೆರವಾಗುವ ಸ್ಕ್ರೀನಿಂಗ್ ಸಾಫ್ಟ್‌ವೇರ್‌ಗೆ ಹಾಕುತ್ತಾರೆ. ರಾಶಿ ನೋಡಿ ಗಾಬರಿಯಾಗುತ್ತದೆ. ಹುಡುಕುವ ಪೆಟ್ಟಿಗೆಯಲ್ಲಿ ‘ರ್‍ಯಾಟ್’ ಎಂದೋ ‘ರಿವ್ಯೂ’ ಎಂದೋ ಟೈಪ್ ಮಾಡಿ, ಬಂದದ್ದನ್ನೆಲ್ಲ ಒಟ್ಟಿಗೆ ಆಯ್ದು ‘ಎಕ್ಸ್‌ಕ್ಲೂಡ್’ ಒತ್ತುತ್ತಾರೆ. ಹೋದವುಗಳಲ್ಲಿ ಏನಿತ್ತು ಎಂದು ಯಾರೂ ತೆರೆದು ನೋಡುವುದಿಲ್ಲ. ಬರಹ ಜರ್ನಲ್‌ಗೆ ಹೋಗಿ, ‘ಈ ಟ್ರಯಲ್ ನಿಮ್ಮ ಪಟ್ಟಿಯಲ್ಲಿ ಏಕಿಲ್ಲ?’ ಎಂಬ ಪ್ರಶ್ನೆ ವಾಪಸ್ ಬಂದಾಗಲೇ ತಪ್ಪು ಬೆಳಕಿಗೆ ಬರುವುದು.

ಕ್ವೆರಿ, ಅಂದರೆ ಹುಡುಕುವ ಪೆಟ್ಟಿಗೆಯಲ್ಲಿ ಬರೆಯುವ ಪದಗಳ ಸಾಲು, ನೋಡುವುದು ಶೀರ್ಷಿಕೆ, ಸಾರಾಂಶ, ಕೀವರ್ಡ್‌ಗಳಲ್ಲಿರುವ ಅಕ್ಷರಗಳನ್ನು ಮಾತ್ರ. ಅಧ್ಯಯನ ಯಾರ ಮೇಲೆ ನಡೆಯಿತು, ಏನನ್ನು ಅಳೆಯಿತು ಎಂಬುದು ಅದಕ್ಕೆ ತಿಳಿಯದು. ಹಾಗಾಗಿ ಕ್ವೆರಿಯನ್ನು ಗುಂಪು ಮಾಡಲು ಮತ್ತು ಓದುವ ಸರದಿ ಗೊತ್ತುಮಾಡಲು ಬಳಸಿ. ‘ಬೇಡ’ ಎನ್ನುವ ತೀರ್ಮಾನ ಓದಿದವರದ್ದಾಗಿರಲಿ. ಕೆಳಗಿನ ಹಂತಗಳೆಲ್ಲ ಈ ಒಂದು ಮಾತನ್ನು ಆಚರಣೆಗೆ ತರುವ ಬಗೆ.

ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳುತ್ತೇನೆ: ಗರ್ಭಿಣಿಯರ ರಕ್ತಹೀನತೆಗೆ ರಕ್ತನಾಳದ ಮೂಲಕ ಕೊಡುವ ಕಬ್ಬಿಣಾಂಶ ಮತ್ತು ಕಬ್ಬಿಣದ ಮಾತ್ರೆಗಳನ್ನು ಹೋಲಿಸುವ, ಯಾರಿಗೆ ಯಾವ ಚಿಕಿತ್ಸೆ ಎಂದು ಚೀಟಿ ಎತ್ತಿದಂತೆ ಗೊತ್ತುಮಾಡುವ ರ್‍ಯಾಂಡಮೈಸ್ಡ್ ಟ್ರಯಲ್‌ಗಳ ರಿವ್ಯೂ. ಆ್ಯಂಡ್, ಆರ್, ನಾಟ್ ಎಂಬ ಆಪರೇಟರ್‌ಗಳನ್ನೂ ಹುಡುಕುವ ಪದಗಳನ್ನೂ ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ. ‘ಆ್ಯಂಡ್’ ಎಂದರೆ ಎರಡೂ ಪದ ಇರಬೇಕು, ‘ಆರ್’ ಎಂದರೆ ಯಾವುದಾದರೂ ಒಂದು ಸಾಕು, ‘ನಾಟ್’ ಎಂದರೆ ಅದರ ಮುಂದಿನ ಪದ ಇರಬಾರದು. ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡುವಾಗ ಇವೆಲ್ಲ ಇಂಗ್ಲಿಷ್ ಅಕ್ಷರಗಳಲ್ಲಿರಬೇಕು, ಆಪರೇಟರ್‌ಗಳಂತೂ ದೊಡ್ಡಕ್ಷರದಲ್ಲೇ ಇರಬೇಕು.

## ಶುರು ಮಾಡುವ ಮೊದಲು ಕೈಯಲ್ಲಿರಬೇಕಾದವು

- ಯಾವ ಲೇಖನ ಬೇಕು, ಯಾವುದು ಬೇಡ ಎಂಬ ಮಾನದಂಡ, ಬರವಣಿಗೆಯಲ್ಲಿ.
- ಖಂಡಿತ ಬೇಕು ಎಂದು ಈಗಾಗಲೇ ಗೊತ್ತಿರುವ ಹತ್ತು ಹದಿನೈದು ಲೇಖನಗಳ ಪಟ್ಟಿ. ಹಳೆಯ ರಿವ್ಯೂಗಳ ಉಲ್ಲೇಖ ಪಟ್ಟಿಯಿಂದ ಇವನ್ನು ಆರಿಸಬಹುದು.
- ಜೊಟೆರೊ ಅಥವಾ ಎಂಡ್‌ನೋಟ್‌ನಂಥ ರೆಫರೆನ್ಸ್ ಮ್ಯಾನೇಜರ್.
- ನೋಟ್‌ಪ್ಯಾಡ್‌ನಂಥ ಸರಳ ಟೆಕ್ಸ್ಟ್ ಎಡಿಟರ್.
- ದಾಖಲೆಗೆ ಒಂದು ಸ್ಪ್ರೆಡ್‌ಶೀಟ್.

ಟೆಕ್ಸ್ಟ್ ಎಡಿಟರ್ ಏಕೆಂದರೆ, ವರ್ಡ್‌ನಲ್ಲಿ ಬರೆದ ಕ್ವೆರಿಯ ನೇರ ಉದ್ಧರಣ ಚಿಹ್ನೆಗಳು ತಾವಾಗಿಯೇ ಬಾಗಿದ ಚಿಹ್ನೆಗಳಾಗುತ್ತವೆ. ಹಲವು ಸಾಫ್ಟ್‌ವೇರ್‌ಗಳು ಬಾಗಿದ ಚಿಹ್ನೆಯನ್ನು ಪದಗುಚ್ಛದ ಗುರುತೆಂದು ಒಪ್ಪುವುದಿಲ್ಲ. ತಪ್ಪು ಸಂದೇಶವನ್ನೂ ತೋರಿಸದೆ ಬೇರೇನನ್ನೋ ಹುಡುಕಿ ಕೊಡುತ್ತವೆ.

## ಹಂತ 1: ಮೂಲ ಪ್ರತಿ ಎತ್ತಿಟ್ಟು ಡೂಪ್ಲಿಕೇಟ್ ತೆಗೆಯಿರಿ

ಪ್ರತಿ ಡೇಟಾಬೇಸ್‌ನಿಂದ ಬಂದ ಫೈಲನ್ನು, ಅದು ಆರ್‌ಐಎಸ್ ಆಗಲಿ ಎನ್‌ಬಿಐಬಿ ಆಗಲಿ (ಎರಡೂ ರೆಕಾರ್ಡ್ ಇಳಿಸುವ ಫೈಲ್ ಬಗೆಗಳು), ಮುಟ್ಟದೆ ಒಂದು ಫೋಲ್ಡರ್‌ನಲ್ಲಿ ಇಡಿ. ಫೈಲ್ ಹೆಸರಿನಲ್ಲಿ ಡೇಟಾಬೇಸ್, ದಿನಾಂಕ, ರೆಕಾರ್ಡ್ ಸಂಖ್ಯೆ ಮೂರೂ ಇರಲಿ.

ಡೂಪ್ಲಿಕೇಟ್ ತೆಗೆಯದೆ ಕ್ವೆರಿ ಓಡಿಸಿದರೆ ಎಣಿಕೆಗಳು ಸುಳ್ಳು ಹೇಳುತ್ತವೆ. ಕೋವಿಡೆನ್ಸ್ ಇಂಪೋರ್ಟ್ ಮಾಡುವಾಗಲೇ ಡೂಪ್ಲಿಕೇಟ್‌ಗಳನ್ನು ಪಕ್ಕಕ್ಕಿಡುತ್ತದೆ. ರಯ್ಯಾನ್ ಒಂದೇ ತೆರನಾದವನ್ನು ಗುರುತಿಸಿ ತೋರಿಸುತ್ತದೆ, ತೀರ್ಮಾನ ನೀವು ಮಾಡುತ್ತೀರಿ. ಎರಡು ಪ್ರತಿಗಳಲ್ಲಿ ಒಂದನ್ನು ಉಳಿಸುವಾಗ ಸಾರಾಂಶ ಇರುವುದನ್ನು ಉಳಿಸಿ. ಸಾರಾಂಶವಿಲ್ಲದ ಪ್ರತಿ ಉಳಿದರೆ ಮುಂದಿನ ಬಹುತೇಕ ಕ್ವೆರಿಗಳಿಗೆ ಆ ಲೇಖನ ಕಾಣಿಸುವುದೇ ಇಲ್ಲ.

## ಹಂತ 2: ಹುಡುಕುವ ಪೆಟ್ಟಿಗೆ ಏನನ್ನು ನೋಡುತ್ತದೆ ಎಂದು ಪರೀಕ್ಷಿಸಿ

ಇದನ್ನು ಬಿಟ್ಟು ಮುಂದೆ ಹೋಗುವವರೇ ಹೆಚ್ಚು. ಪಬ್‌ಮೆಡ್‌ನಲ್ಲಿ ಕಲಿತ ನಿಯಮ ಸ್ಕ್ರೀನಿಂಗ್ ಸಾಫ್ಟ್‌ವೇರ್‌ನಲ್ಲಿ ನಡೆಯುತ್ತದೆ ಎಂದು ಭಾವಿಸಬೇಡಿ. ಪಬ್‌ಮೆಡ್ ನೀವು ಬರೆದ ಪದಕ್ಕೆ ಸಮಾನ ಪದಗಳನ್ನೂ ಮೆಶ್ ಪದಗಳನ್ನೂ (ಲೇಖನದ ವಿಷಯ ಗುರುತಿಸಲು ಹಚ್ಚುವ ನಿಗದಿತ ಪದಗಳು) ತಾನೇ ಸೇರಿಸಿ ಹುಡುಕುತ್ತದೆ. ಸ್ಕ್ರೀನಿಂಗ್ ಸಾಫ್ಟ್‌ವೇರ್‌ನಿಂದ ಆ ಉಪಕಾರ ನಿರೀಕ್ಷಿಸಬೇಡಿ.

ಮೂರು ಪರೀಕ್ಷೆ ಮಾಡಿ.

ಎಲ್ಲೆಲ್ಲಿ ಹುಡುಕುತ್ತದೆ? ಒಂದು ರೆಕಾರ್ಡ್ ತೆರೆದು, ಅದರ ಸಾರಾಂಶದಲ್ಲಿ ಮಾತ್ರ ಇರುವ ಅಪರೂಪದ ಪದವೊಂದನ್ನು ಹುಡುಕಿ. ಆಮೇಲೆ ಕೀವರ್ಡ್‌ನಲ್ಲಿ ಮಾತ್ರ ಇರುವ ಪದ, ಕೊನೆಗೆ ಜರ್ನಲ್ ಹೆಸರು. ಯಾವುದಕ್ಕೆ ರೆಕಾರ್ಡ್ ಬಂತೋ ಆ ಜಾಗ ಹುಡುಕಾಟದ ವ್ಯಾಪ್ತಿಯಲ್ಲಿದೆ. ಜರ್ನಲ್ ಹೆಸರೂ ಸೇರಿದ್ದರೆ ಎಚ್ಚರ ಬೇಕು. ‘ಬಿಎಂಸಿ ಪ್ರೆಗ್ನೆನ್ಸಿ ಆ್ಯಂಡ್ ಚೈಲ್ಡ್‌ಬರ್ತ್’ ಎಂಬ ಜರ್ನಲ್‌ನ ಪ್ರತಿ ಲೇಖನವೂ, ವಿಷಯ ಏನೇ ಇರಲಿ, ‘ಪ್ರೆಗ್ನೆನ್ಸಿ’ ಎಂಬ ಕ್ವೆರಿಗೆ ಸಿಗುತ್ತದೆ.

ಇಡೀ ಪದವೋ, ಪದದ ತುಣುಕೋ? ‘ಐರನ್’ ಎಂದು ಹುಡುಕಿ, ಬಂದವುಗಳಲ್ಲಿ ‘ಎನ್ವಿರಾನ್‌ಮೆಂಟ್’ ಇರುವ, ಆದರೆ ಕಬ್ಬಿಣಕ್ಕೆ ಸಂಬಂಧವಿಲ್ಲದ ಲೇಖನ ಇದೆಯೇ ನೋಡಿ. ಆ ಪದದ ಇಂಗ್ಲಿಷ್ ಕಾಗುಣಿತವನ್ನು ಬಿಡಿಸಿದರೆ ನಡುವೆ ‘ಐರನ್’ನ ನಾಲ್ಕೂ ಅಕ್ಷರಗಳು ಅದೇ ಕ್ರಮದಲ್ಲಿ ಕೂತಿವೆ. ಅಂಥ ಲೇಖನ ಬಂದರೆ ಸಾಫ್ಟ್‌ವೇರ್ ತುಣುಕುಗಳನ್ನೂ ಹಿಡಿಯುತ್ತಿದೆ. ಇದನ್ನು ದೊಡ್ಡಕ್ಷರದಲ್ಲಿ ಬರೆದಿಟ್ಟುಕೊಳ್ಳಿ, ಹಂತ 6ರಲ್ಲಿ ಇದೇ ಪ್ರಾಣ ಉಳಿಸುವುದು.

ಆಪರೇಟರ್ ನಿಜವಾಗಿ ಕೆಲಸ ಮಾಡುತ್ತಿದೆಯೇ? ಕೀಬೋರ್ಡ್‌ನಲ್ಲಿ ಝಡ್ ಅಕ್ಷರವನ್ನು ಆರೇಳು ಸಲ ಒತ್ತಿ ಅರ್ಥವಿಲ್ಲದ ಪದ ಮಾಡಿ. ‘ಐರನ್ ಆ್ಯಂಡ್’ ಆ ಪದ ಎಂದು ಹುಡುಕಿದರೆ ಸೊನ್ನೆ ಬರಬೇಕು. ‘ಐರನ್ ಆರ್’ ಆ ಪದ ಎಂದರೆ ಬರೀ ‘ಐರನ್’ಗೆ ಬಂದಷ್ಟೇ ಬರಬೇಕು. ಬೇರೆ ಏನೇ ಬಂದರೂ ಆಪರೇಟರ್ ಅನ್ನು ಸಾಮಾನ್ಯ ಪದವೆಂದು ಓದಲಾಗುತ್ತಿದೆ, ಅಥವಾ ಕಡೆಗಣಿಸಲಾಗುತ್ತಿದೆ. ಹಾಗಿದ್ದರೆ ಒಂದೊಂದೇ ಪದ ಹುಡುಕಿ ಲೇಬಲ್ ಹಚ್ಚುವುದೊಂದೇ ದಾರಿ.

## ಹಂತ 3: ಒಂದು ಪರಿಕಲ್ಪನೆಗೆ ಒಂದು ಕ್ವೆರಿ

ಎಲ್ಲವನ್ನೂ ಒಂದೇ ಸಾಲಿನಲ್ಲಿ ತುರುಕಬೇಡಿ. ನಮ್ಮ ಉದಾಹರಣೆಯಲ್ಲಿ ನಾಲ್ಕು ಪರಿಕಲ್ಪನೆಗಳಿವೆ: ಗರ್ಭಿಣಿ, ರಕ್ತಹೀನತೆ, ಕಬ್ಬಿಣಾಂಶ, ರ್‍ಯಾಂಡಮೈಸ್ಡ್ ಟ್ರಯಲ್. ಪ್ರತಿಯೊಂದಕ್ಕೂ ಸಮಾನ ಪದಗಳನ್ನು ‘ಆರ್’ನಿಂದ ಜೋಡಿಸಿ ಬೇರೆ ಬೇರೆ ಓಡಿಸಿ, ಎಣಿಕೆ ಬರೆದುಕೊಳ್ಳಿ.

ಕಾಗುಣಿತ ಕೈಕೊಡುವುದು ಇಲ್ಲೇ. ‘ಅನೀಮಿಯಾ’ವನ್ನು ಅಮೆರಿಕನ್ನರು ‘ಎನ್’ ಆದಮೇಲೆ ಬರೀ ‘ಇ’ ಹಾಕಿ ಬರೆಯುತ್ತಾರೆ, ಬ್ರಿಟಿಷ್ ಬರವಣಿಗೆಯಲ್ಲಿ ‘ಎ’ ಮತ್ತು ‘ಇ’ ಎರಡೂ ಬರುತ್ತವೆ. ‘ಹೀಮೊಗ್ಲೋಬಿನ್’, ‘ಪೀಡಿಯಾಟ್ರಿಕ್’ ಪದಗಳದ್ದೂ ಇದೇ ಕಥೆ. ‘ರ್‍ಯಾಂಡಮೈಸ್ಡ್’ನಲ್ಲಿ ‘ಎಸ್’ ಮತ್ತು ‘ಝಡ್’ ಎರಡೂ ಚಲಾವಣೆಯಲ್ಲಿವೆ. ಎರಡು ರೂಪಗಳನ್ನೂ ‘ಆರ್’ ಹಾಕಿ ಬರೆಯಿರಿ.

ನಕ್ಷತ್ರ ಚಿಹ್ನೆ ಒಪ್ಪುವ ಸಾಫ್ಟ್‌ವೇರ್ ಆದರೆ ಪದದ ಬುಡ ಬರೆದು ಚಿಹ್ನೆ ಹಾಕಬಹುದು. ಬುಡ ಎಲ್ಲಿ ಕತ್ತರಿಸುತ್ತೀರಿ ಎಂಬುದೇ ಮುಖ್ಯ. ‘ಪ್ರೆಗ್ನೆನ್ಸಿ’ಯ ಮೊದಲ ಏಳು ಇಂಗ್ಲಿಷ್ ಅಕ್ಷರ ಉಳಿಸಿದರೆ ‘ಪ್ರೆಗ್ನೆಂಟ್’, ‘ಪ್ರೆಗ್ನೆನ್ಸಿ’, ‘ಪ್ರೆಗ್ನೆನ್ಸೀಸ್’ ಮೂರೂ ಸಿಗುತ್ತವೆ. ನಾಲ್ಕೇ ಅಕ್ಷರಕ್ಕೆ ನಿಲ್ಲಿಸಿದರೆ ನರನೋವಿಗೆ ಕೊಡುವ ‘ಪ್ರಿಗ್ಯಾಬಲಿನ್’ ಕೂಡ ಬಂದು ಸೇರುತ್ತದೆ. ‘ಫೆರಸ್’, ‘ಫೆರಿಕ್’ ಎರಡನ್ನೂ ಹಿಡಿಯಲು ಮೊದಲ ನಾಲ್ಕು ಅಕ್ಷರ ಬರೆದರೆ ‘ಫೆರಿಟಿನ್’ (ದೇಹದಲ್ಲಿ ಕಬ್ಬಿಣ ಸಂಗ್ರಹಿಸಿಡುವ ಪ್ರೋಟೀನ್) ಅಳೆದ ಲೇಖನಗಳೆಲ್ಲ ಬರುತ್ತವೆ. ಇಂಥಲ್ಲಿ ನಕ್ಷತ್ರ ಬಿಟ್ಟು ಪೂರ್ತಿ ಪದಗಳನ್ನೇ ಬರೆಯಿರಿ.

ಉದ್ಧರಣ ಚಿಹ್ನೆಯೊಳಗಿನ ಪದಗುಚ್ಛ ಬಹಳ ಬಿಗಿ. ‘ಐರನ್ ಡಿಫಿಷಿಯನ್ಸಿ ಅನೀಮಿಯಾ’ ಎಂದು ಹುಡುಕಿದರೆ ‘ಅನೀಮಿಯಾ ಡ್ಯೂ ಟು ಐರನ್ ಡಿಫಿಷಿಯನ್ಸಿ’ ಸಿಗದು. ನಡುವೆ ಹೈಫನ್ ಇದ್ದರೂ ಕೆಲವು ಸಾಫ್ಟ್‌ವೇರ್‌ಗಳಲ್ಲಿ ತಪ್ಪಿಹೋಗುತ್ತದೆ. ಬಿಡಿ ಪದಗಳನ್ನು ‘ಆ್ಯಂಡ್’ನಿಂದ ಜೋಡಿಸುವುದು ಹೆಚ್ಚು ಸುರಕ್ಷಿತ.

## ಹಂತ 4: ಜೋಡಿಸಿ, ಆವರಣ ಮರೆಯಬೇಡಿ

ಪ್ರತಿ ‘ಆರ್’ ಗುಂಪನ್ನೂ ಆವರಣ ಚಿಹ್ನೆಯೊಳಗೆ ಹಾಕಿ, ಗುಂಪುಗಳನ್ನು ‘ಆ್ಯಂಡ್’ನಿಂದ ಸೇರಿಸಿ. ಆವರಣ ಬಿಟ್ಟರೆ ಪಬ್‌ಮೆಡ್ ಎಡದಿಂದ ಬಲಕ್ಕೆ ಓದುತ್ತದೆ, ಇನ್ನು ಕೆಲವು ವ್ಯವಸ್ಥೆಗಳು ‘ಆ್ಯಂಡ್’ ಅನ್ನು ಮೊದಲು ಬಿಡಿಸುತ್ತವೆ. ಒಂದೇ ಸಾಲಿಗೆ ಎರಡು ಕಡೆ ಎರಡು ಉತ್ತರ.

ನಾಲ್ಕೂ ಪರಿಕಲ್ಪನೆಗಳನ್ನು ಒಟ್ಟಿಗೆ ಕಟ್ಟಬೇಡಿ. ಎರಡು ಸಾಕು, ಹೆಚ್ಚೆಂದರೆ ಮೂರು. ಒಂದೊಂದು ‘ಆ್ಯಂಡ್’ ಸೇರಿದಾಗಲೂ ಸಾರಾಂಶದಲ್ಲಿ ಆ ಪದ ಬರೆಯದ ಲೇಖಕರ ಪೇಪರ್ ಬಿದ್ದುಹೋಗುತ್ತದೆ. ಹಳೆಯ ಟ್ರಯಲ್‌ಗಳ ಸಾರಾಂಶದಲ್ಲಿ ‘ರ್‍ಯಾಂಡಮೈಸ್ಡ್’ ಎಂಬ ಪದವೇ ಇಲ್ಲದಿರುವುದುಂಟು.

## ಹಂತ 5: ಲೆಕ್ಕ ತಾಳೆ ನೋಡಿ

ಎರಡು ತಾಳೆ, ಎರಡೂ ಕಡ್ಡಾಯ.

ಮೊದಲನೆಯದು ಕೂಡುವ ಲೆಕ್ಕ. ‘ಐರನ್’ಗೆ 2,400 ರೆಕಾರ್ಡ್ ಬಂತು ಎನ್ನಿ. ‘ಐರನ್ ಆ್ಯಂಡ್ ಪ್ರೆಗ್ನೆನ್ಸಿ’ಗೆ 1,500 ಬಂದರೆ ‘ಐರನ್ ನಾಟ್ ಪ್ರೆಗ್ನೆನ್ಸಿ’ಗೆ ಸರಿಯಾಗಿ 900 ಬರಬೇಕು. ಒಂದು ಹೆಚ್ಚಾದರೂ ಕಡಿಮೆಯಾದರೂ ಕ್ವೆರಿ ನೀವು ಅಂದುಕೊಂಡಂತೆ ಓಡುತ್ತಿಲ್ಲ. ಅಲ್ಲಿಗೇ ನಿಂತು ಕಾರಣ ಹುಡುಕಿ.

ಎರಡನೆಯದು ಗೊತ್ತಿರುವ ಲೇಖನಗಳ ತಾಳೆ. ಆ ಹತ್ತು ಹದಿನೈದು ಲೇಖನಗಳಿಗೆ ಮೊದಲೇ ಒಂದು ಲೇಬಲ್ ಹಚ್ಚಿಟ್ಟಿರಿ. ಕ್ವೆರಿ ಓಡಿಸಿದ ಮೇಲೆ ಅಷ್ಟೂ ಒಳಗಿವೆಯೇ ನೋಡಿ. ಒಂದು ಹೊರಗುಳಿದರೂ ಅದರ ಸಾರಾಂಶ ತೆರೆದು, ಲೇಖಕರು ಯಾವ ಪದ ಬಳಸಿದ್ದಾರೆ ಎಂದು ಓದಿ, ಆ ಪದವನ್ನು ಕ್ವೆರಿಗೆ ಸೇರಿಸಿ. ‘ಆಂಟಿನೇಟಲ್’, ‘ಜೆಸ್ಟೇಶನಲ್’, ‘ಮೆಟರ್ನಲ್’ನಂಥ ಪದಗಳು ಹೀಗೆಯೇ ಸಿಗುವುದು.

## ಹಂತ 6: ‘ನಾಟ್’ ಮುಟ್ಟುವಾಗ

ಈ ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತ ಓದಲು ಸಮಯವಿದ್ದರೆ ಇದನ್ನು ಓದಿ. ಬೇಡದ್ದನ್ನು ಬೇರ್ಪಡಿಸುವ ಕ್ವೆರಿಗಳು ತೋರಿಕೆಗೆ ಸರಳ. ಬೇಕಾದ ಟ್ರಯಲ್‌ಗಳು ಅತಿ ಹೆಚ್ಚು ಬಲಿಯಾಗುವುದೂ ಅವುಗಳಿಗೇ.

‘ರ್‍ಯಾಟ್’: ಪ್ರಾಣಿ ಅಧ್ಯಯನ ತೆಗೆಯಲು ಎಲ್ಲರೂ ಮೊದಲು ಬರೆಯುವ ಪದ. ತುಣುಕು ಹಿಡಿಯುವ ಸಾಫ್ಟ್‌ವೇರ್‌ನಲ್ಲಿ ‘ರೇಟ್’, ‘ರೇಶಿಯೊ’, ‘ಕಾನ್ಸಂಟ್ರೇಶನ್’, ‘ಲಿಟರೇಚರ್’ ಎಲ್ಲದರೊಳಗೂ ಈ ಮೂರು ಅಕ್ಷರಗಳಿವೆ. ಹೀಮೊಗ್ಲೋಬಿನ್ ಪ್ರಮಾಣ ಅಳೆದ ಅರ್ಧ ರಾಶಿ ಒಂದೇ ಒತ್ತಿಗೆ ಹೋಗಬಹುದು.

‘ಮೆನ್’: ಗಂಡಸರ ಅಧ್ಯಯನ ಬೇಡವೆಂದು ಇದನ್ನು ಹಾಕಿದರೆ ‘ವಿಮೆನ್’, ‘ಟ್ರೀಟ್‌ಮೆಂಟ್’, ‘ಸಪ್ಲಿಮೆಂಟ್’ ಎಲ್ಲದಕ್ಕೂ ಬಡಿಯುತ್ತದೆ.

‘ಚೈಲ್ಡ್’: ಮಕ್ಕಳ ಅಧ್ಯಯನ ತೆಗೆಯಲು ಹೋಗಿ ‘ಚೈಲ್ಡ್‌ಬರ್ತ್’ ಇರುವ ಲೇಖನಗಳನ್ನೆಲ್ಲ ಕಳೆದುಕೊಳ್ಳುತ್ತೀರಿ. ಹಂತ 2ರಲ್ಲಿ ಜರ್ನಲ್ ಹೆಸರೂ ಹುಡುಕಾಟದಲ್ಲಿದೆ ಎಂದು ಕಂಡಿದ್ದರೆ, ಮೇಲೆ ಹೇಳಿದ ಜರ್ನಲ್‌ನ ಎಲ್ಲ ಲೇಖನಗಳೂ ಹೋದವು.

‘ರಿವ್ಯೂ’: ‘ರೆಟ್ರೋಸ್ಪೆಕ್ಟಿವ್ ಚಾರ್ಟ್ ರಿವ್ಯೂ’ (ರೋಗಿಗಳ ಹಳೆಯ ದಾಖಲೆಗಳ ಪರಿಶೀಲನೆ) ಮೂಲ ಅಧ್ಯಯನ. ‘ಇನ್‌ಸ್ಟಿಟ್ಯೂಶನಲ್ ರಿವ್ಯೂ ಬೋರ್ಡ್ ಒಪ್ಪಿಗೆ ಪಡೆಯಲಾಗಿದೆ’ ಎಂದು ಟ್ರಯಲ್‌ಗಳೂ ಬರೆಯುತ್ತವೆ. ಈ ಪದವನ್ನು ಶೀರ್ಷಿಕೆಯಲ್ಲಿ ಮಾತ್ರ ಹುಡುಕಿ.

‘ಪ್ರೋಟೊಕಾಲ್’: ಅಧ್ಯಯನದ ಯೋಜನೆಯನ್ನಷ್ಟೇ ಹೇಳುವ ಪ್ರೋಟೊಕಾಲ್ ಲೇಖನ ಬೇಡ ಸರಿ, ಆದರೆ ‘ಟ್ರೀಟ್‌ಮೆಂಟ್ ಪ್ರೋಟೊಕಾಲ್’ ಎಂಬುದು ಯಾವ ಟ್ರಯಲ್‌ನ ಸಾರಾಂಶದಲ್ಲೂ ಬರಬಹುದು. ಇದೂ ಶೀರ್ಷಿಕೆಗೆ ಸೀಮಿತವಾಗಿರಲಿ.

‘ಕೇಸ್ ರಿಪೋರ್ಟ್’: ಒಬ್ಬಿಬ್ಬರು ರೋಗಿಗಳ ವರದಿ ತೆಗೆಯಲು ಇದನ್ನು ಹಾಕಿದರೆ ಟ್ರಯಲ್‌ಗಳೂ ಹೋಗಬಹುದು. ಟ್ರಯಲ್‌ನಲ್ಲಿ ಮಾಹಿತಿ ತುಂಬುವ ನಮೂನೆಯ ಹೆಸರೇ ‘ಕೇಸ್ ರಿಪೋರ್ಟ್ ಫಾರ್ಮ್’.

ಪ್ರಾಣಿ ಅಧ್ಯಯನಗಳನ್ನು ಬೇರ್ಪಡಿಸಲು ಕಾಕ್ರೇನ್‌ನ ಹುಡುಕಾಟ ಫಿಲ್ಟರ್‌ಗಳಲ್ಲಿ ಬಳಸುವ ಜೋಡಿ ‘ನಾಟ್’ ಉಪಾಯ ನೋಡಿ. ಮೆಶ್‌ನಲ್ಲಿ ‘ಅನಿಮಲ್ಸ್’ ಎಂಬ ಗುರುತು ಇರುವುದನ್ನೆಲ್ಲ ತೆಗೆಯುವುದಿಲ್ಲ. ‘ಅನಿಮಲ್ಸ್’ ಇದ್ದು ‘ಹ್ಯೂಮನ್ಸ್’ ಇಲ್ಲದವನ್ನು ಮಾತ್ರ ತೆಗೆಯುತ್ತದೆ. ಮನುಷ್ಯರೂ ಪ್ರಾಣಿಗಳೂ ಇರುವ ಅಧ್ಯಯನ ಉಳಿಯುತ್ತದೆ. ಇನ್ನೂ ಮೆಶ್ ಗುರುತೇ ಹಚ್ಚದ ಹೊಸ ರೆಕಾರ್ಡೂ ಉಳಿಯುತ್ತದೆ. ಸ್ಕ್ರೀನಿಂಗ್ ಸಾಫ್ಟ್‌ವೇರ್‌ನಲ್ಲಿ ಇದು ನಡೆಯಬೇಕಾದರೆ ಮೆಶ್ ಪದಗಳು ಕೀವರ್ಡ್ ಜಾಗಕ್ಕೆ ಬಂದಿರಬೇಕು. ಎಂಬೇಸ್ ತನ್ನದೇ ಎಮ್‌ಟ್ರೀ ಪದಗಳನ್ನು ಬಳಸುವುದರಿಂದ ಅಲ್ಲಿಂದ ಬಂದ ರೆಕಾರ್ಡ್‌ಗಳಿಗೆ ಇದನ್ನು ನೆಚ್ಚಿಕೊಳ್ಳಬೇಡಿ. ನನ್ನ ಅಭಿಪ್ರಾಯ ಕೇಳಿದರೆ, ಈ ಕೆಲಸವನ್ನು ಡೇಟಾಬೇಸ್‌ನಲ್ಲೇ ಮುಗಿಸಿ ರೆಕಾರ್ಡ್ ಇಳಿಸಿಕೊಳ್ಳುವುದು ಉತ್ತಮ.

ಸಾರಾಂಶವಿಲ್ಲದ ರೆಕಾರ್ಡ್‌ಗಳ ವರ್ತನೆಯನ್ನೂ ಗಮನಿಸಿ. ‘ಆ್ಯಂಡ್’ ಕ್ವೆರಿಯಲ್ಲಿ ಅವು ಬಿದ್ದುಹೋಗುತ್ತವೆ, ‘ನಾಟ್’ ಕ್ವೆರಿಯಲ್ಲಿ ಉಳಿದುಕೊಳ್ಳುತ್ತವೆ. ಎರಡೂ ಫಲಿತಾಂಶ ನಂಬುವಂಥದ್ದಲ್ಲ. ಅವುಗಳಿಗೆ ಬೇರೆ ಲೇಬಲ್ ಹಚ್ಚಿ, ಕ್ವೆರಿಯ ಹೊರಗಿಟ್ಟು, ಒಂದೊಂದಾಗಿ ನೋಡಿ. ಅನುಮಾನ ಬಂದರೆ ಪೂರ್ಣ ಪಠ್ಯ ತರಿಸಿ.

## ಹಂತ 7: ಬೇಡವೆಂದ ರಾಶಿಯಿಂದ ಮಾದರಿ ಓದಿ

ಕ್ವೆರಿ ಬೇರ್ಪಡಿಸಿದ ರಾಶಿಯಲ್ಲಿ ಮೇಲಿನ ಐವತ್ತು ನೋಡಿ ‘ಎಲ್ಲ ಬೇಡದ್ದೇ’ ಎನ್ನುವುದು ಮಾದರಿ ಓದುವುದಲ್ಲ. ಪಟ್ಟಿ ವರ್ಷದ ಪ್ರಕಾರವೋ ಹೆಸರಿನ ಪ್ರಕಾರವೋ ಜೋಡಣೆಯಾಗಿರುತ್ತದೆ. ರಾಶಿಯನ್ನು ಸಿಎಸ್‌ವಿ ಫೈಲ್ ಆಗಿ ಇಳಿಸಿ, ಸ್ಪ್ರೆಡ್‌ಶೀಟ್‌ನಲ್ಲಿ ಪ್ರತಿ ಸಾಲಿಗೂ ಯಾದೃಚ್ಛಿಕ ಸಂಖ್ಯೆ ಕೊಟ್ಟು, ಆ ಸಂಖ್ಯೆಯ ಮೇಲೆ ಜೋಡಿಸಿ, ಮೊದಲಿನಿಂದ ಓದುತ್ತಾ ಹೋಗಿ.

ಎಷ್ಟು ಓದಬೇಕು? ಸಂಖ್ಯಾಶಾಸ್ತ್ರದಲ್ಲಿ ಮೂರರ ನಿಯಮ ಎಂಬುದೊಂದಿದೆ. ಮಾದರಿಯಲ್ಲಿ ಒಂದೂ ಬೇಕಾದ ಲೇಖನ ಸಿಗದಿದ್ದರೆ, 3ನ್ನು ಮಾದರಿಯ ಗಾತ್ರದಿಂದ ಭಾಗಿಸಿ. ಬರುವ ಉತ್ತರ, ರಾಶಿಯಲ್ಲಿ ಬೇಕಾದ ಲೇಖನಗಳ ಪಾಲು ಎಷ್ಟಿರಬಹುದು ಎಂಬುದರ ಸುಮಾರು ಮೇಲಿನ ಮಿತಿ, 95% ವಿಶ್ವಾಸ ಮಟ್ಟದಲ್ಲಿ. 100 ಓದಿ ಒಂದೂ ಸಿಗದಿದ್ದರೆ ಆ ಮಿತಿ 3%. 300 ಓದಿ ಒಂದೂ ಸಿಗದಿದ್ದರೆ 1%. ರಾಶಿಯಲ್ಲಿ 4,000 ಇದ್ದರೆ 1% ಎಂದರೆ 40 ಲೇಖನ! ಈ ಸಂಖ್ಯೆ ನೋಡಿದ ಮೇಲೆ ಬಹಳ ಮಂದಿ ಪೂರ್ತಿ ಓದುವುದಕ್ಕೇ ಮನಸ್ಸು ಮಾಡುತ್ತಾರೆ, ಅದು ಸರಿಯಾದ ನಿರ್ಧಾರವೇ. ಶೀರ್ಷಿಕೆಯಿಂದಲೇ ಬೇಡವೆಂದು ಗೊತ್ತಾಗುವ ರೆಕಾರ್ಡ್‌ಗಳನ್ನು ಒಂದೇ ಗುಂಪಿನಲ್ಲಿ ಸಾಲಾಗಿ ನೋಡಿದರೆ ಕೆಲಸ ಬೇಗ ಸಾಗುತ್ತದೆ. ಕ್ವೆರಿಯಿಂದ ಸಿಗುವ ನಿಜವಾದ ಉಳಿತಾಯ ಅದು.

ಮಾದರಿಯಲ್ಲಿ ಒಂದೇ ಒಂದು ಬೇಕಾದ ಲೇಖನ ಸಿಕ್ಕರೂ ಕ್ವೆರಿ ಕೈಬಿಡಿ. ಸರಿಪಡಿಸಿ, ಹಂತ 5ರಿಂದ ಮತ್ತೆ ಶುರು ಮಾಡಿ, ಹೊಸ ಮಾದರಿ ತೆಗೆಯಿರಿ.

## ಹಂತ 8: ಮೊದಲು ಲೇಬಲ್, ಆಮೇಲೆ ತೀರ್ಮಾನ

ಫಲಿತಾಂಶವನ್ನೆಲ್ಲ ಆಯ್ದು ನೇರವಾಗಿ ಎಕ್ಸ್‌ಕ್ಲೂಡ್ ಒತ್ತಬೇಡಿ. ‘ಬಹುಶಃ ಪ್ರಾಣಿ’, ‘ಬಹುಶಃ ವಿಮರ್ಶಾ ಲೇಖನ’ ಎಂಬಂಥ ಲೇಬಲ್ ಹಚ್ಚಿ. ಲೇಬಲ್ ತೆಗೆಯುವುದು ಸುಲಭ, ನೂರಾರು ತೀರ್ಮಾನಗಳನ್ನು ಹಿಂದಕ್ಕೆ ತರುವುದು ಕಷ್ಟ. ಇನ್ನೊಂದು ಕಾರಣವೂ ಇದೆ. ರಯ್ಯಾನ್ ಮತ್ತು ಎಎಸ್‌ರಿವ್ಯೂನಂಥ ಸಾಫ್ಟ್‌ವೇರ್‌ಗಳು ನಿಮ್ಮ ತೀರ್ಮಾನಗಳಿಂದಲೇ ಕಲಿತು ಉಳಿದ ಲೇಖನಗಳಿಗೆ ಅಂಕ ಅಥವಾ ಸರದಿ ಕೊಡುತ್ತವೆ. ಓದದೆ ಒತ್ತಿದ ಎಕ್ಸ್‌ಕ್ಲೂಡ್ ಕೂಡ ಅವುಗಳಿಗೆ ಪಾಠವೇ. ತಪ್ಪು ಪಾಠ ಕಲಿತರೆ ಬೇಕಾದ ಲೇಖನಗಳು ಸರದಿಯ ತಳಕ್ಕೆ ಹೋಗುತ್ತವೆ.

ಶೀರ್ಷಿಕೆಯಲ್ಲಿ ‘ರಿಟ್ರ್ಯಾಕ್ಟೆಡ್’, ‘ರಿಟ್ರ್ಯಾಕ್ಷನ್’, ‘ಎರಾಟಮ್’ (ತಿದ್ದುಪಡಿ) ಇರುವವುಗಳಿಗೂ ಒಂದು ಲೇಬಲ್ ಇರಲಿ. ಹಿಂಪಡೆದ ಟ್ರಯಲ್ ಯಾವುದೆಂದು ತಂಡಕ್ಕೆಲ್ಲ ತಿಳಿದಿರಬೇಕು. ‘ಎನ್‌ಸಿಟಿ’ ಎಂದು (ಇಡೀ ಪದವನ್ನೇ ಹುಡುಕುವ ಸಾಫ್ಟ್‌ವೇರ್ ಆದರೆ ಕೊನೆಗೆ ನಕ್ಷತ್ರ ಹಾಕಿ) ಹುಡುಕಿದರೆ ಕ್ಲಿನಿಕಲ್‌ಟ್ರಯಲ್ಸ್ ಡಾಟ್ ಗವ್ ನೋಂದಣಿ ಸಂಖ್ಯೆ ಇರುವ ಸಾರಾಂಶಗಳು ಬರುತ್ತವೆ. ಆ ಮೂರಕ್ಷರದ ನಂತರದ 8 ಅಂಕಿಗಳು ಒಂದೇ ಇದ್ದರೆ ಅವು ಒಂದೇ ಟ್ರಯಲ್‌ನ ಬೇರೆ ಬೇರೆ ವರದಿಗಳು. ಈಗಲೇ ಗುರುತಿಸಿಟ್ಟರೆ ಒಂದೇ ಟ್ರಯಲ್‌ನ ರೋಗಿಗಳನ್ನು ಎರಡು ಸಲ ಎಣಿಸುವ ಅಪಾಯ ತಪ್ಪುತ್ತದೆ.

ಇಬ್ಬರು ಪ್ರತ್ಯೇಕವಾಗಿ ಸ್ಕ್ರೀನ್ ಮಾಡುತ್ತಿದ್ದರೆ ಒಬ್ಬರ ಲೇಬಲ್ ಇನ್ನೊಬ್ಬರಿಗೆ ಕಾಣುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ. ‘ಬಹುಶಃ ಬೇಡ’ ಎಂಬ ಲೇಬಲ್ ಕಣ್ಣಿಗೆ ಬಿದ್ದರೆ ಎರಡನೆಯವರ ಓದು ಸ್ವತಂತ್ರವಾಗಿ ಉಳಿಯುವುದಿಲ್ಲ.

## ಹಂತ 9: ದಾಖಲೆ

ಪ್ರತಿ ಕ್ವೆರಿಗೂ ಒಂದು ಸಾಲು: ಕ್ವೆರಿಯ ಪೂರ್ತಿ ಪಠ್ಯ, ಯಾವ ಜಾಗದಲ್ಲಿ ಹುಡುಕಿದ್ದು, ದಿನಾಂಕ, ಎಣಿಕೆ, ಮಾದರಿಯ ಗಾತ್ರ, ಅದರಲ್ಲಿ ಸಿಕ್ಕಿದ್ದು, ಮಾಡಿದವರು.

ರಿವ್ಯೂಗಳನ್ನು ವರದಿ ಮಾಡುವ ಮಾರ್ಗಸೂಚಿಯಾದ ಪ್ರಿಸ್ಮಾ 2020ರ ಫ್ಲೋ ಡಯಾಗ್ರಾಮ್‌ನಲ್ಲಿ ಸ್ಕ್ರೀನಿಂಗ್‌ಗೆ ಮುನ್ನ ತೆಗೆದ ರೆಕಾರ್ಡ್‌ಗಳಿಗೆ ಪ್ರತ್ಯೇಕ ಚೌಕವಿದೆ. ಡೂಪ್ಲಿಕೇಟ್‌ಗಳು, ಸ್ವಯಂಚಾಲಿತ ಸಾಧನ ಅನರ್ಹವೆಂದು ಗುರುತಿಸಿದವು, ಇತರ ಕಾರಣಕ್ಕೆ ತೆಗೆದವು ಎಂದು ಅಲ್ಲಿ ಬೇರೆ ಬೇರೆಯಾಗಿ ಬರೆಯಬೇಕು. ಯಾರೂ ಓದದೆ ಕ್ವೆರಿಯ ಬಲದ ಮೇಲೆ ತೆಗೆದದ್ದು ಏನಾದರೂ ಇದ್ದರೆ ಅದನ್ನು ಮನುಷ್ಯರು ಓದಿ ಕೈಬಿಟ್ಟ ಸಂಖ್ಯೆಯೊಳಗೆ ಸೇರಿಸಬೇಡಿ. ಈ ಚೌಕದಲ್ಲೇ ತೋರಿಸಿ, ಬಳಸಿದ ಕ್ವೆರಿಯನ್ನು ಅನುಬಂಧದಲ್ಲಿ ಕೊಡಿ.

## ತಕ್ಷಣ ನಿಲ್ಲಿಸಬೇಕಾದ ಸೂಚನೆಗಳು

- ‘ಆರ್’ ಹಾಕಿ ಪದ ಸೇರಿಸಿದಾಗ ಎಣಿಕೆ ಇಳಿಯುವುದು. ಎಲ್ಲೋ ಆವರಣ ತಪ್ಪಿದೆ, ಅಥವಾ ‘ಆರ್’ ಅನ್ನು ಪದವೆಂದು ಓದಲಾಗಿದೆ.
- ಹೊಸ ಪದ ಸೇರಿಸಿದರೂ ಎಣಿಕೆ ಕದಲದಿರುವುದು. ಕಾಗುಣಿತ ನೋಡಿ.
- ಒಂದು ಡೇಟಾಬೇಸ್‌ನ ರೆಕಾರ್ಡ್‌ಗಳು ಒಂದೂ ಫಲಿತಾಂಶದಲ್ಲಿ ಇಲ್ಲದಿರುವುದು. ಇಂಪೋರ್ಟ್ ಆಗುವಾಗ ಸಾರಾಂಶ ಅಥವಾ ಕೀವರ್ಡ್ ಬಿದ್ದುಹೋಗಿರಬಹುದು.
- ಬೇಡದ ರಾಶಿ ಒಂದೇ ಕ್ವೆರಿಗೆ ಒಟ್ಟಿನ ಅರ್ಧಕ್ಕಿಂತ ಹೆಚ್ಚಾಗುವುದು. ತುಣುಕು ಹೊಂದಾಣಿಕೆಯ ಅನುಮಾನ ಪಡಿ.

## ಹಂತ 10: ಹುಡುಕಾಟ ನವೀಕರಿಸಿದಾಗ

ಪ್ರಕಟಣೆಗೆ ಮುನ್ನ ಡೇಟಾಬೇಸ್‌ಗಳನ್ನು ಮತ್ತೆ ಹುಡುಕಿ ಹೊಸ ರೆಕಾರ್ಡ್‌ಗಳನ್ನು ಸೇರಿಸುತ್ತೀರಿ. ಹಳೆಯ ಲೇಬಲ್‌ಗಳು ಅವುಗಳಿಗೆ ತಾವಾಗಿ ಹತ್ತುತ್ತವೆ ಎಂದುಕೊಳ್ಳಬೇಡಿ. ಹೊಸ ರೆಕಾರ್ಡ್‌ಗಳಿಗೆ ದಿನಾಂಕದ ಲೇಬಲ್ ಹಚ್ಚಿ, ಹಳೆಯ ಕ್ವೆರಿಗಳನ್ನು ದಾಖಲೆಯಿಂದ ಹಾಗೇ ನಕಲು ಮಾಡಿ ಆ ಗುಂಪಿನ ಮೇಲೆ ಮಾತ್ರ ಓಡಿಸಿ. ಹೊಸ ರೆಕಾರ್ಡ್‌ಗಳಲ್ಲಿ ಮೆಶ್ ಪದಗಳು ಇನ್ನೂ ಸೇರದಿರುವ ಸಾಧ್ಯತೆ ಹೆಚ್ಚು. ಹಾಗಾಗಿ ಕೀವರ್ಡ್ ನೆಚ್ಚಿದ ಕ್ವೆರಿ ಇಲ್ಲಿ ಬೇಡ, ಶೀರ್ಷಿಕೆ ಮತ್ತು ಸಾರಾಂಶದ ಪದಗಳಿಂದಲೇ ಹುಡುಕಿ. ಈ ಗುಂಪು ಸಾಮಾನ್ಯವಾಗಿ ಚಿಕ್ಕದು. ಕೆಲವು ನೂರರ ಒಳಗಿದ್ದರೆ ಕ್ವೆರಿಯಿಂದ ಸರದಿ ಮಾತ್ರ ಮಾಡಿಕೊಂಡು ಪ್ರತಿಯೊಂದನ್ನೂ ಓದಿಬಿಡಿ.